ಹಳೆಯ ಕಂಪ್ಯೂಟರಾಟಗಳೂ ಹೊಸ ಕಂಟ್ರೋಲರಿನ ಟ್ರಿಗರುಗಳೂ

ರಜೆಯ ದಿನಗಳು ಬಂದುವೆಂದರೆ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು ಆಟವಾಡುವುದು ಈ ಕಾಲದ ಮನೆಗಳಲ್ಲಿ ಸಾಮಾನ್ಯವಾದ ನೋಟವಷ್ಟೆ. ಹೊಸ ಹೊಸ ಆಟಗಳು ದಿನದಿನಕ್ಕೂ ಹೊರಬೀಳುತ್ತಿದ್ದರೂ ಹಳೆಯವುಗಳ ಮೇಲಿನ ಅಕ್ಕರೆಯು ಜನರಲ್ಲಿ ಕುಂದಿಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ವಿದ್ಯಾರ್ಥಿದೆಸೆಯಲ್ಲಿದ್ದವರು ಆಗ ತಾವು ಆಡಿ ನಲಿದ ಆಟಗಳನ್ನೇ ಈಗ ತಮ್ಮ ಮಕ್ಕಳಿಗೆ ತೋರಿಸಬೇಕೆಂದು ಆಸೆಪಡುತ್ತಾರೆ. ೧೯೬೭ನೆಯ ವರ್ಷದ ಮೋಟಾರು ಪಂದ್ಯಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ, ೧೯೯೮ರಲ್ಲಿ ಪ್ರಕಟವಾದ ‘ಗ್ರ್ಯಾಂಡ್ ಪ್ರೀ ಲೆಜೆಂಡ್ಸ್’. ಅಮೆರಿಕಾದ ಶಿಕಾಗೋ ನಗರದ ಬೀದಿಗಳಲ್ಲಿ ಮನಬಂದಂತೆ ಕಾರು ಓಡಿಸಗೊಡುವ, ೧೯೯೯ರ ‘ಮಿಡ್‌ಟೌನ್ ಮ್ಯಾಡ್‌ನೆಸ್’. ಪೋರ್ಷೆ ಕಾರುಗಳನ್ನೇ ವಿಷಯವಾಗಿ ಉಳ್ಳ, ೨೦೦೦ದ ‘ನೀಡ್ ಫಾರ್ ಸ್ಪೀಡ್: ಪೋರ್ಷೆ ಅನ್‌ಲೀಶ್ಡ್’ ಎಂಬಿವು ಅಂತಹ ಆಟಗಳಲ್ಲಿ ಕೆಲವು.

ಇವುಗಳನ್ನು ಈಗಿನ ಕಂಪ್ಯೂಟರಿನಲ್ಲಿ ಹೇಗೋ ನಡೆಯುವಂತೆ ಮಾಡಿಕೊಂಡು, ಅಂಗಡಿಯಿಂದ ತಂದ ಹೊಸ ಕಂಟ್ರೋಲರನ್ನು ಸೇರಿಸಿ ಆಡಲು ತೊಡಗಿದವರಿಗೆ ಒಂದು ವಿಚಿತ್ರವಾದ ತೊಡಕು ಎದುರಾಗುತ್ತದೆ. ಹೆಬ್ಬೆರಳಿನ ಕಡ್ಡಿಗಳು ಸರಿಯಾಗಿವೆ. ಬಣ್ಣದ ಗುಂಡಿಗಳೆಲ್ಲವೂ ಸರಿಯಾಗಿವೆ. ಆದರೆ ತೋರುಬೆರಳುಗಳ ಕೆಳಗಿರುವ ಎರಡು ಟ್ರಿಗರುಗಳು ಮಾತ್ರ ಒಂದೋ ಮೂಕವಾಗಿರುತ್ತವೆ, ಇಲ್ಲವೆ ಎರಡೂ ಕೂಡಿ ಒಂದೇ ಕೆಲಸವನ್ನು ಮಾಡುತ್ತವೆ, ಅಥವಾ ಯಾರೂ ಮುಟ್ಟದಿರುವಾಗಲೇ ಕಾರು ತಾನಾಗಿ ಓಡಲಾರಂಭಿಸುತ್ತದೆ. ಆಗ ಮನೆಯವರು ಮಗುವೇ ಅದನ್ನು ಕೆಡವಿ ಕೆಡಿಸಿತೆಂದು ಗದರಿಸುವುದುಂಟು. ಕೆಟ್ಟಿತೆಂದು ಎಸೆದು, ಮತ್ತೆ ಸಾವಿರಾರು ರೂಪಾಯಿಗಳನ್ನು ವ್ಯಯಮಾಡಿ ಇನ್ನೊಂದನ್ನು ಕೊಳ್ಳುವುದೂ ಉಂಟು. ಆ ಎರಡನೆಯದೂ ಹಾಗೆಯೇ ನಡೆದುಕೊಂಡಾಗ ಎಲ್ಲರೂ ಬೆರಗಾಗುತ್ತಾರೆ. ವಾಸ್ತವವಾಗಿ ಇಂತಹ ಸಂದರ್ಭಗಳಲ್ಲಿ ಬಹುಮಟ್ಟಿಗೆ ಕಂಟ್ರೋಲರೂ ಕೆಟ್ಟಿರುವುದಿಲ್ಲ, ಮಗುವಿನ ತಪ್ಪೂ ಇರುವುದಿಲ್ಲ. ಹಳೆಯ ಆಟವು ತಿಳಿದಿರುವ ಭಾಷೆ ಒಂದು, ಹೊಸ ಸಾಧನವು ನುಡಿಯುವ ಭಾಷೆ ಇನ್ನೊಂದು. ಅಷ್ಟೇ ಇದರ ಗುಟ್ಟು. ಈ ಗುಟ್ಟನ್ನೂ ಅದರ ಪರಿಹಾರಗಳನ್ನೂ ಯಂತ್ರವಿದ್ಯೆಯ ಪರಿಚಯವಿಲ್ಲದವರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಟ್ರಿಗರಿಗೂ ಗುಂಡಿಗೂ ಇರುವ ಭೇದ

ಮೊದಲು ಟ್ರಿಗರೆಂದರೆ ಏನೆಂಬುದನ್ನು ಚೆನ್ನಾಗಿ ಗ್ರಹಿಸಬೇಕು. ನೋಡುವುದಕ್ಕೆ ಅದೂ ಒಂದು ಗುಂಡಿಯಂತೆಯೇ ತೋರಿದರೂ ಸ್ವಭಾವದಲ್ಲಿ ಬೇರೆ. ಮನೆಯ ವಿದ್ಯುದ್ದೀಪದ ಸ್ವಿಚ್ಚಿಗೆ ಎರಡೇ ಸ್ಥಿತಿಗಳು: ದೀಪವು ಉರಿಯುತ್ತದೆ, ಅಥವಾ ಆರಿರುತ್ತದೆ. ಕಂಟ್ರೋಲರಿನ ಸಾಮಾನ್ಯ ಗುಂಡಿಯೂ ಹೀಗೆಯೇ. ಆದರೆ ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ಕುಳಿತವರೆಲ್ಲರೂ ಹೊಲಿಗೆಯಂತ್ರದ ಕಾಲುಹಲಗೆಯನ್ನು ಬಲ್ಲರಷ್ಟೆ. ಮೆಲ್ಲನೆ ತುಳಿದರೆ ಸೂಜಿಯು ಮೆಲ್ಲನೆ ನಡೆಯುತ್ತದೆ. ಬಿರುಸಾಗಿ ತುಳಿದರೆ ಬಿರುಸಾಗಿ ಓಡುತ್ತದೆ. ಈ ಎರಡರ ನಡುವೆ ಎಷ್ಟೋ ತರತಮಗಳು ಕಾಲಿನ ಹಿಡಿತದಲ್ಲಿರುತ್ತವೆ. ಟ್ರಿಗರು ಈ ಜಾತಿಗೆ ಸೇರಿದುದು. ಅದರೊಳಗೆ ಒಂದು ಸ್ಪ್ರಿಂಗು ಇದ್ದು, ಬೆರಳನ್ನು ತೆಗೆದೊಡನೆ ಅದನ್ನು ಮೊದಲಿನ ಸ್ಥಾನಕ್ಕೆ ತಳ್ಳುತ್ತದೆ. ಎಷ್ಟು ದೂರ ಒತ್ತಿದೆಯೆಂಬುದನ್ನು ಅಳೆಯುವ ಒಂದು ಸಾಧನವೂ ಒಳಗಿರುತ್ತದೆ. ೨೦೦೫ರ ಎಕ್ಸ್‌ಬಾಕ್ಸ್ ೩೬೦ ಕಂಟ್ರೋಲರಿನಲ್ಲಿ ಈ ಕೆಲಸಕ್ಕೆ, ತಿರುಗಿಸಿದಂತೆಲ್ಲ ವಿದ್ಯುತ್ತಿಗೆ ಒಡ್ಡುವ ತಡೆಯು ಹೆಚ್ಚುಕಡಮೆಯಾಗುವ ಪೊಟೆನ್ಷಿಯೋಮೀಟರನ್ನು ಇಟ್ಟಿದ್ದರು. ೨೦೧೩ರ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರಿನಲ್ಲಿ ಒಂದು ಸಣ್ಣ ಅಯಸ್ಕಾಂತವನ್ನೂ ಅದರ ಸಾಮೀಪ್ಯವನ್ನು ಅರಿಯುವ ಸಂವೇದಕವನ್ನೂ ಇಟ್ಟರು.

ಹೀಗೆ ಅಳತೆಯನ್ನು ತಿಳಿಸುವ ಟ್ರಿಗರುಗಳು ಮೊದಮೊದಲು ಕಾಣಿಸಿಕೊಂಡದ್ದು ಕಂಪ್ಯೂಟರಿಗಾಗಿ ಅಲ್ಲ, ಟೆಲಿವಿಷನ್ನಿಗೆ ಸೇರಿಸಿ ಆಡುವ ಯಂತ್ರಗಳಿಗಾಗಿ. ಸೇಗಾ ಸಂಸ್ಥೆಯವರು ತಮ್ಮ ಸ್ಯಾಟರ್ನ್ ಯಂತ್ರಕ್ಕೆ ೧೯೯೬ರಲ್ಲಿಯೂ, ಡ್ರೀಮ್‌ಕಾಸ್ಟ್ ಯಂತ್ರಕ್ಕೆ ೧೯೯೮ರಲ್ಲಿಯೂ ಅಂತಹ ಕಂಟ್ರೋಲರುಗಳನ್ನು ಒದಗಿಸಿದರು. ಮೈಕ್ರೋಸಾಫ್ಟಿನವರ ಎಕ್ಸ್‌ಬಾಕ್ಸ್ ೨೦೦೧ರಲ್ಲಿ ಬಂದಿತು. ಮೋಟಾರು ಓಡಿಸುವ ಆಟಗಳಿಗೆ ಇದು ಬಹಳ ಅನುಕೂಲವಾದುದು. ಬಲ ಟ್ರಿಗರು ಆಕ್ಸಿಲರೇಟರೂ ಎಡ ಟ್ರಿಗರು ಬ್ರೇಕೂ ಆಗಿ, ನಿಜವಾದ ಕಾರಿನ ಪೆಡಲುಗಳಂತೆಯೇ ಅರ್ಧ, ಕಾಲು, ವೀಸ ಎಂದು ಅಳೆದು ಒತ್ತಬಹುದು.

ಹಳೆಯ ಆಟಗಳ ಎಣಿಕೆ

ಇನ್ನು ಕಂಪ್ಯೂಟರಿನ ಕಡೆಯ ಕಥೆಯನ್ನು ಕೇಳೋಣ. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯವರು ತಮ್ಮ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದಕ್ಕೆ ಆಟದ ಕಡ್ಡಿಗಳನ್ನು, ಎಂದರೆ ಜಾಯ್‌ಸ್ಟಿಕ್ಕುಗಳನ್ನು, ಸೇರಿಸುವುದಕ್ಕೆ ಒಂದು ಪ್ರತ್ಯೇಕವಾದ ಫಲಕವನ್ನೂ ಒದಗಿಸಿದ್ದರು. ಅದರಲ್ಲಿ ಒಟ್ಟು ನಾಲ್ಕು ಅಕ್ಷಗಳಿಗೂ ನಾಲ್ಕು ಗುಂಡಿಗಳಿಗೂ ಮಾತ್ರ ಎಡೆಯಿತ್ತು. ಅಕ್ಷವೆಂದರೆ ಒಂದು ಗೆರೆಯ ಮೇಲಣ ಚಲನೆ. ಎಡಬಲಗಳಿಗೆ ಒಂದು, ಹಿಂದುಮುಂದುಗಳಿಗೆ ಒಂದು. ಜಾಯ್‌ಸ್ಟಿಕ್ಕನ್ನು ಕೈಬಿಟ್ಟರೆ ಅದು ನೆಟ್ಟಗೆ ನಡುವಿಗೆ ಬಂದು ನಿಲ್ಲುತ್ತಿತ್ತು. ಆದುದರಿಂದ ಆಟಗಳನ್ನು ಬರೆಯುವವರ ಮನಸ್ಸಿನಲ್ಲಿ ಒಂದು ಎಣಿಕೆಯು ಬೇರೂರಿತು: ಅಕ್ಷವು ನಡುವಿನಲ್ಲಿದ್ದರೆ ಆಟಗಾರನು ಏನನ್ನೂ ಮಾಡುತ್ತಿಲ್ಲ, ನಡುವಿನಿಂದ ಸರಿದಿದ್ದರೆ ಏನನ್ನೋ ಮಾಡುತ್ತಿದ್ದಾನೆ.

೧೯೯೫ರಲ್ಲಿ ವಿಂಡೋಸ್ ೯೫ ಬಂದ ಮೇಲೆ ಮೈಕ್ರೋಸಾಫ್ಟಿನವರು ಆಟಗಳಿಗಾಗಿ ಡೈರೆಕ್ಟ್‌ಎಕ್ಸ್ ಎಂಬ ತಂತ್ರಾಂಶಗಳ ಸಮೂಹವನ್ನು ರಚಿಸಿದರು. ಅದರಲ್ಲಿ ಕೀಲಿಮಣೆ, ಮೌಸ್, ಜಾಯ್‌ಸ್ಟಿಕ್ಕು ಮುಂತಾದುವುಗಳಿಂದ ಬರುವ ಸಂಜ್ಞೆಗಳನ್ನು ಆಟಕ್ಕೆ ಮುಟ್ಟಿಸುವ ಭಾಗಕ್ಕೆ ಡೈರೆಕ್ಟ್‌ಇನ್‌ಪುಟ್ ಎಂದು ಹೆಸರು. ೨೦೦೦ದಲ್ಲಿ ಬಂದ ಅದರ ಎಂಟನೆಯ ಆವೃತ್ತಿಯೇ ಕಡೆಯದು. ೨೦೦೫ಕ್ಕೆ ಮೊದಲಿನ ವಿಂಡೋಸ್ ಆಟಗಳಲ್ಲಿ ಹೆಚ್ಚಿನವು ಇದನ್ನೇ ನೆಚ್ಚಿಕೊಂಡಿವೆ. ಕೆಲವು ಇದಕ್ಕಿಂತಲೂ ಹಳೆಯದಾದ, ವಿಂಡೋಸಿನ ಮಲ್ಟಿಮೀಡಿಯಾ ಭಾಗದ ಜಾಯ್‌ಸ್ಟಿಕ್ ಏರ್ಪಾಡನ್ನು ನೆಚ್ಚಿವೆ. ಎರಡರಲ್ಲಿಯೂ ಹಿಂದಿನ ಎಣಿಕೆಯೇ ಉಳಿದುಬಂದಿತು.

೨೦೦೫ರಲ್ಲಿ ಎಕ್ಸ್‌ಬಾಕ್ಸ್ ೩೬೦ ಬಂದಿತು. ಅದರ ಕಂಟ್ರೋಲರನ್ನು ಕಂಪ್ಯೂಟರಿಗೂ ಸೇರಿಸಬಹುದಾಗಿದ್ದುದರಿಂದ, ಅದಕ್ಕಾಗಿ ಎಕ್ಸ್‌ಇನ್‌ಪುಟ್ ಎಂಬ ಹೊಸ ಏರ್ಪಾಡನ್ನು ಮಾಡಿದರು. ಇದರಲ್ಲಿ ಎರಡು ಟ್ರಿಗರುಗಳಿಗೂ ಬೇರೆ ಬೇರೆ ಲೆಕ್ಕ. ಬೆರಳನ್ನು ತೆಗೆದಿರುವಾಗ ೦, ಪೂರ್ತಿಯಾಗಿ ಒತ್ತಿದಾಗ ೨೫೫, ನಡುವೆ ಎಲ್ಲ ಅಂಕಿಗಳೂ ಉಂಟು. ಹೊಸ ಆಟಗಳು ಈ ಭಾಷೆಯನ್ನು ಕಲಿತುಕೊಂಡುವು. ಹಳೆಯವುಗಳಿಗೆ ಅದು ತಿಳಿಯದು.

ತಕ್ಕಡಿಯ ಉಪಾಯ

ಇಲ್ಲಿಯೇ ತೊಡಕು ಹುಟ್ಟಿತು. ಟ್ರಿಗರಿಗೆ ನಡುವೆಂಬುದೇ ಇಲ್ಲ; ಸುಮ್ಮನಿರುವಾಗ ಅದು ತನ್ನ ದಾರಿಯ ಒಂದು ಕೊನೆಯಲ್ಲಿರುತ್ತದೆ. ಅದನ್ನು ಹಾಗೆಯೇ ಒಂದು ಅಕ್ಷವಾಗಿ ಹಳೆಯ ಆಟದ ಮುಂದಿಟ್ಟರೆ, ಆ ಆಟವು ‘ಅಕ್ಷವು ನಡುವಿನಲ್ಲಿಲ್ಲ, ಕೊನೆಗೆ ಸರಿದಿದೆ, ಆದುದರಿಂದ ಆಟಗಾರನು ಬಲವಾಗಿ ಅದುಮಿ ಹಿಡಿದಿದ್ದಾನೆ’ ಎಂದು ತಿಳಿಯುತ್ತದೆ. ಕಾರು ತಾನಾಗಿ ಓಡುವುದು, ಇಲ್ಲವೆ ಪರದೆಯ ಮೇಲಣ ಪಟ್ಟಿಯು ಯಾರೂ ಮುಟ್ಟದೆ ಸರಿಯುತ್ತಲೇ ಇರುವುದು, ಇದರ ಫಲ.

ಇದನ್ನು ತಪ್ಪಿಸಲು ಮೈಕ್ರೋಸಾಫ್ಟಿನವರು ಒಂದು ಉಪಾಯವನ್ನು ಹೂಡಿದರು. ತಮ್ಮ ಕಂಟ್ರೋಲರು ಡೈರೆಕ್ಟ್‌ಇನ್‌ಪುಟ್ಟಿನ ಮೂಲಕ ಮಾತನಾಡುವಾಗ ಎರಡು ಟ್ರಿಗರುಗಳನ್ನೂ ಕೂಡಿಸಿ, ಜೆಡ್ ಎಂಬ ಒಂದೇ ಅಕ್ಷವನ್ನಾಗಿ ಮಾಡಿಬಿಟ್ಟರು. ಅಂಗಡಿಯ ತಕ್ಕಡಿಯನ್ನು ನೆನೆಯಿರಿ. ಎರಡು ತಟ್ಟೆಗಳೂ ಬರಿದಾಗಿರುವಾಗ ಮುಳ್ಳು ನಡುವಿನಲ್ಲಿ ನಿಲ್ಲುತ್ತದೆ. ಒಂದು ತಟ್ಟೆಗೆ ಭಾರವನ್ನು ಹಾಕಿದರೆ ಒಂದು ಕಡೆಗೂ, ಇನ್ನೊಂದಕ್ಕೆ ಹಾಕಿದರೆ ಮತ್ತೊಂದು ಕಡೆಗೂ ಮುಳ್ಳು ಓಲುತ್ತದೆ. ಹಾಗೆಯೇ ಎಡ ಟ್ರಿಗರು ಅಕ್ಷವನ್ನು ಒಂದು ದಿಕ್ಕಿಗೂ ಬಲ ಟ್ರಿಗರು ಎದುರು ದಿಕ್ಕಿಗೂ ಎಳೆಯುತ್ತವೆ. ಎರಡನ್ನೂ ಬಿಟ್ಟರೆ ಅಕ್ಷವು ನಡುವೆ ನಿಲ್ಲುತ್ತದೆ. ಹಳೆಯ ಆಟದ ಎಣಿಕೆಗೆ ಭಂಗವಿಲ್ಲ.

ಆದರೆ ಉಪಾಯದೊಡನೆ ಅಪಾಯವೂ ಬಂದಿತು. ಎರಡು ತಟ್ಟೆಗಳಿಗೂ ಸಮನಾದ ಭಾರವನ್ನು ಹಾಕಿದರೆ ಮುಳ್ಳು ಎಲ್ಲಿರುತ್ತದೆ? ಬರಿದಾಗಿದ್ದಾಗ ಇದ್ದಲ್ಲಿಯೇ. ಆದಕಾರಣ ಎರಡು ಟ್ರಿಗರುಗಳನ್ನೂ ಒಟ್ಟಿಗೆ ಪೂರ್ತಿಯಾಗಿ ಒತ್ತಿದರೆ, ಏನನ್ನೂ ಒತ್ತಿಲ್ಲವೆಂದೇ ಆಟವು ತಿಳಿಯುತ್ತದೆ. ಮೋಟಾರು ಪಂದ್ಯದಲ್ಲಿ ಚತುರರು ತಿರುವುಗಳಲ್ಲಿ ಎಡಗಾಲಿನಿಂದ ಬ್ರೇಕನ್ನು ಅದುಮುತ್ತಿರುವಾಗಲೇ ಬಲಗಾಲಿನಿಂದ ಆಕ್ಸಿಲರೇಟರನ್ನು ಸ್ವಲ್ಪ ಹಿಡಿದಿರುತ್ತಾರೆ. ಕೂಡಿಕೆಯ ಅಕ್ಷದಲ್ಲಿ ಇದು ಸಾಧ್ಯವೇ ಇಲ್ಲ. ಇದು ಹೊಸದಾಗಿ ಕಂಡ ಕಷ್ಟವೂ ಅಲ್ಲ. ಕಂಪ್ಯೂಟರಿಗೆ ಸೇರಿಸುವ ಸ್ಟಿಯರಿಂಗ್ ಚಕ್ರಗಳ ಎರಡು ಪೆಡಲುಗಳನ್ನೂ ಹಳೆಯ ಆಟಗಳ ಸಲುವಾಗಿ ಒಂದೇ ಅಕ್ಷವಾಗಿ ತೋರಿಸುವ ರೂಢಿಯಿತ್ತು. ಲಾಜಿಟೆಕ್ ಸಂಸ್ಥೆಯವರ ತಂತ್ರಾಂಶದಲ್ಲಿ ಪೆಡಲುಗಳನ್ನು ಕೂಡಿಸಬೇಕೆ, ಬೇರ್ಪಡಿಸಬೇಕೆ ಎಂದು ಆರಿಸಿಕೊಳ್ಳುವ ಏರ್ಪಾಡನ್ನೇ ಇಟ್ಟಿದ್ದರು.

ಸೋನಿಯವರ ಕಂಟ್ರೋಲರುಗಳ ರೀತಿ ಬೇರೆ. ೨೦೧೩ರ ಡ್ಯುಯಲ್‌ಷಾಕ್ ೪ ಎಂಬುದನ್ನು ಕಂಪ್ಯೂಟರಿಗೆ ಹಾಗೆಯೇ ಸೇರಿಸಿದರೆ ಅದರ ಟ್ರಿಗರುಗಳು ಎರಡು ಪ್ರತ್ಯೇಕವಾದ ಅಕ್ಷಗಳಾಗಿ ತೋರುತ್ತವೆ. ಜತೆಗೆ ಏಳನೆಯ ಮತ್ತು ಎಂಟನೆಯ ಗುಂಡಿಗಳಾಗಿಯೂ ತೋರುತ್ತವೆ. ಇದರಿಂದ, ಗುಂಡಿಗಳನ್ನು ಮಾತ್ರ ಬಲ್ಲ ಆಟಗಳಲ್ಲಿ ಅವು ಸುಲಭವಾಗಿ ಕೆಲಸಮಾಡುತ್ತವೆ. ಆದರೆ ಅಕ್ಷಗಳನ್ನು ಹುಡುಕುವ ಆಟಗಳಲ್ಲಿ, ಸುಮ್ಮನಿರುವಾಗಲೂ ಕೊನೆಯಲ್ಲಿ ನಿಂತಿರುವ ಆ ಎರಡು ಅಕ್ಷಗಳು, ಮೇಲೆ ಹೇಳಿದ ತಾನಾಗಿ ಓಡುವ ತೊಂದರೆಯನ್ನು ಉಂಟುಮಾಡಬಲ್ಲವು.

ಕಾರಣವನ್ನು ಗುರುತಿಸುವ ಕ್ರಮ

ವೈದ್ಯನು ನಾಡಿಯನ್ನು ನೋಡಿಯಲ್ಲದೆ ಔಷಧವನ್ನು ಕೊಡನು. ಇಲ್ಲಿಯೂ ಮೊದಲು ಪರೀಕ್ಷೆ, ಆಮೇಲೆ ಪರಿಹಾರ. ಕಂಟ್ರೋಲರನ್ನು ಕಂಪ್ಯೂಟರಿಗೆ ಸೇರಿಸಿ, ಕೀಲಿಮಣೆಯ ವಿಂಡೋಸ್ ಕೀಲಿಯನ್ನೂ ಆರ್ ಎಂಬ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಒಂದು ಸಣ್ಣ ಚೌಕವು ತೆರೆಯುತ್ತದೆ. ಅದರಲ್ಲಿ ಇಂಗ್ಲಿಷಿನ ಜೆ, ಓ, ವೈ ಎಂಬ ಮೂರು ಅಕ್ಷರಗಳನ್ನೂ, ಒಂದು ಚುಕ್ಕೆಯನ್ನೂ, ಸಿ, ಪಿ, ಎಲ್ ಎಂಬ ಮೂರು ಅಕ್ಷರಗಳನ್ನೂ ಎಡೆಬಿಡದೆ ಬರೆದು ಎಂಟರ್ ಕೀಲಿಯನ್ನು ಒತ್ತಬೇಕು. ಸೇರಿಸಿರುವ ಕಂಟ್ರೋಲರುಗಳ ಪಟ್ಟಿಯು ಕಾಣಿಸುತ್ತದೆ. ನಮ್ಮದನ್ನು ಆರಿಸಿ ಪ್ರಾಪರ್ಟೀಸ್ ಎಂಬುದನ್ನು ತೆರೆದರೆ, ಅಕ್ಷಗಳೂ ಗುಂಡಿಗಳೂ ಚಿತ್ರರೂಪದಲ್ಲಿ ಕಾಣುವ ಪರೀಕ್ಷಾಪುಟವು ದೊರೆಯುತ್ತದೆ.

ಈಗ ಒಂದೊಂದೇ ಟ್ರಿಗರನ್ನು ಮೆಲ್ಲನೆ ಒತ್ತಿ ನೋಡಬೇಕು. ಎಕ್ಸ್‌ಬಾಕ್ಸ್ ಜಾತಿಯ ಕಂಟ್ರೋಲರಾದರೆ ಜೆಡ್ ಅಕ್ಷದ ಪಟ್ಟಿಯು ಸುಮ್ಮನಿರುವಾಗ ಅರ್ಧದಷ್ಟು ತುಂಬಿದ್ದು, ಒಂದು ಟ್ರಿಗರಿಗೆ ಏರುತ್ತಲೂ ಇನ್ನೊಂದಕ್ಕೆ ಇಳಿಯುತ್ತಲೂ ಇರುತ್ತದೆ. ಹೀಗೆ ಕಂಡರೆ ಸಾಧನವು ಆರೋಗ್ಯವಾಗಿದೆಯೆಂದು ತಿಳಿಯಬೇಕು. ಮಗುವನ್ನು ಗದರಿಸುವ ಕಾರಣವಿಲ್ಲ, ಹೊಸದನ್ನು ಕೊಳ್ಳುವ ಕಾರಣವೂ ಇಲ್ಲ. ಪಟ್ಟಿಯು ಒಂದು ಟ್ರಿಗರಿಗೆ ಚಲಿಸಿ ಇನ್ನೊಂದಕ್ಕೆ ಎಷ್ಟುಮಾತ್ರವೂ ಚಲಿಸದಿದ್ದರೆ, ಅಥವಾ ಅಡಿಗಡಿಗೆ ನಡುಗುತ್ತಿದ್ದರೆ, ಆಗ ದೋಷವು ಸಾಧನದಲ್ಲಿಯೇ ಇರಬಹುದು. ಅದನ್ನು ರಿಪೇರಿ ಮಾಡುವವರಿಗೆ ತೋರಿಸುವುದು ಯುಕ್ತ.

ಆಟದೊಳಗಿನ ಪರೀಕ್ಷೆಯು ಎರಡನೆಯದು. ಹೆಚ್ಚಿನ ಆಟಗಳಲ್ಲಿ ಯಾವ ಕೆಲಸಕ್ಕೆ ಯಾವ ಗುಂಡಿಯೆಂಬುದನ್ನು ಗೊತ್ತುಪಡಿಸುವ ಒಂದು ಪುಟವಿರುತ್ತದೆ. ‘ಗುಂಡಿಯನ್ನು ಒತ್ತಿ’ ಎಂದು ಆಟವು ಕೇಳಿದಾಗ ಟ್ರಿಗರನ್ನು ಒತ್ತಿದರೆ ಏನೂ ಆಗದಿರುವುದು ಸಹಜ. ಯಾಕೆಂದರೆ ಆಟವು ಕಾಯುತ್ತಿರುವುದು ಗುಂಡಿಯನ್ನು, ಬರುತ್ತಿರುವುದಾದರೋ ಅಕ್ಷ. ಹಾರ್ಮೋನಿಯಮ್ಮಿನ ಮನೆಯನ್ನು ಒತ್ತೆಂದು ಹೇಳಿದರೆ ತಿದಿಯನ್ನು ಎಳೆದಂತೆ. ಅದೇ ಪುಟದಲ್ಲಿ ಅಕ್ಷಗಳನ್ನು ಆರಿಸುವ ಸ್ಥಳವು ಬೇರೆ ಇದೆಯೇ ಎಂದು ಹುಡುಕಿ ನೋಡಬೇಕು.

ಇನ್ನೆರಡು ಸಣ್ಣ ಸಂಗತಿಗಳನ್ನೂ ಗಮನಿಸತಕ್ಕದ್ದು. ಹಳೆಯ ಆಟಗಳಲ್ಲಿ ಎಷ್ಟೋ ಆಟಗಳು ಆರಂಭವಾಗುವಾಗ ಒಮ್ಮೆ ಮಾತ್ರ ಕಂಟ್ರೋಲರನ್ನು ಹುಡುಕುತ್ತವೆ. ಆದುದರಿಂದ ಅದನ್ನು ಸೇರಿಸಿದ ಮೇಲೆಯೇ ಆಟವನ್ನು ತೆರೆಯಬೇಕು. ಕೆಲವು ಆಟಗಳು ಪಟ್ಟಿಯಲ್ಲಿ ಮೊದಲು ಸಿಕ್ಕಿದ ಸಾಧನವೊಂದನ್ನೇ ಹಿಡಿದುಕೊಳ್ಳುತ್ತವೆ. ಆದಕಾರಣ ಬೇರೆ ಕಂಟ್ರೋಲರುಗಳು ಸೇರಿಸಿದ್ದರೆ ತೆಗೆದಿಡಬೇಕು.

ಪರಿಹಾರಗಳು

ಪರಿಹಾರಗಳು ನಾಲ್ಕು ತರದವು. ಸುಲಭವಾದುದರಿಂದ ತೊಡಗಿ ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು, ಆಟವು ಒಪ್ಪುವುದಾದರೆ ಕೂಡಿಕೆಯ ಅಕ್ಷವನ್ನೇ ಬಳಸಿಕೊಳ್ಳುವುದು. ಜೆಡ್ ಅಕ್ಷದ ಒಂದು ಅರ್ಧವನ್ನು ಆಕ್ಸಿಲರೇಟರಿಗೂ ಇನ್ನೊಂದು ಅರ್ಧವನ್ನು ಬ್ರೇಕಿಗೂ ಗೊತ್ತುಮಾಡಿದರೆ ತೀರಿತು. ಬೆರಳಿನ ಅಳತೆಯೆಲ್ಲವೂ ಕಾರಿಗೆ ಮುಟ್ಟುತ್ತದೆ. ಬೇರೆ ತಂತ್ರಾಂಶವೇನೂ ಬೇಡ. ಎರಡನ್ನೂ ಒಟ್ಟಿಗೆ ಒತ್ತಲಾಗದೆಂಬ ಕೊರತೆಯೊಂದೇ ಉಳಿಯುತ್ತದೆ. ಶಿಕಾಗೋ ಬೀದಿಗಳಲ್ಲಿ ಸುಮ್ಮನೆ ಅಡ್ಡಾಡುವ ಮಕ್ಕಳಿಗೆ ಅದು ಕೊರತೆಯಾಗಿ ತೋರದು.

ಎರಡನೆಯದು, ಟ್ರಿಗರನ್ನು ಕೀಲಿಮಣೆಯ ಕೀಲಿಯಂತೆ ನಟಿಸುವ ಹಾಗೆ ಮಾಡುವುದು. ಕಂಟ್ರೋಲರನ್ನು ತಿಳಿಯದ ಆಟಗಳಿರಬಹುದು. ಕೀಲಿಮಣೆಯನ್ನು ತಿಳಿಯದ ಕಂಪ್ಯೂಟರಾಟವು ತೀರ ವಿರಳ. ಜಾಯ್‌ಟುಕೀ, ಆಂಟಿಮೈಕ್ರೋಎಕ್ಸ್ ಎಂಬ ತಂತ್ರಾಂಶಗಳು ಈ ಕೆಲಸವನ್ನು ಮಾಡುತ್ತವೆ. ಬಲ ಟ್ರಿಗರನ್ನು ಒತ್ತಿದರೆ ಮೇಲ್ಬಾಣದ ಕೀಲಿಯನ್ನು ಒತ್ತಿದಂತೆಯೂ, ಎಡ ಟ್ರಿಗರಿಗೆ ಕೆಳಬಾಣದ ಕೀಲಿಯನ್ನು ಒತ್ತಿದಂತೆಯೂ ಆಟಕ್ಕೆ ತೋರುವಂತೆ ಗೊತ್ತುಮಾಡಬಹುದು. ಇದರಲ್ಲಿ ಸಿದ್ಧಿಯು ಬಹುಮಟ್ಟಿಗೆ ನಿಶ್ಚಯ. ಆದರೆ ನಷ್ಟವೂ ಉಂಟು. ಕೀಲಿಗೆ ಒತ್ತಿದೆ, ಬಿಟ್ಟಿದೆ ಎಂಬ ಎರಡೇ ಸ್ಥಿತಿಗಳಾದುದರಿಂದ ಬೆರಳಿನ ನಯವೆಲ್ಲವೂ ಕಳೆದುಹೋಗುತ್ತದೆ. ೧೯೬೭ರ ಪಂದ್ಯದ ಕಾರುಗಳನ್ನು ತೋರಿಸುವ ಆಟದಲ್ಲಿ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಅದುಮಿದರೆ ಹಿಂದಿನ ಚಕ್ರಗಳು ಜಾರಿ ಕಾರು ಸುತ್ತಿಬಿಡುತ್ತದೆ; ಅಂತಹ ಆಟಕ್ಕೆ ಈ ಪರಿಹಾರವು ಹೊಂದದು.

ಮೂರನೆಯದು, ಸ್ಟೀಮ್ ಎಂಬ ಆಟದಂಗಡಿಯ ತಂತ್ರಾಂಶದೊಳಗಿರುವ ಸ್ಟೀಮ್ ಇನ್‌ಪುಟ್ ಎಂಬ ಏರ್ಪಾಡು. ಇದರ ಒಂದು ಗುಣವೇನೆಂದರೆ, ಆ ಅಂಗಡಿಯಲ್ಲಿ ಕೊಳ್ಳದ ಹಳೆಯ ಆಟವನ್ನೂ ಅದರ ಪಟ್ಟಿಗೆ ಸೇರಿಸಿಕೊಂಡು, ಆ ಮೂಲಕ ತೆರೆಯಬಹುದು. ಬಳಿಕ ಕಂಟ್ರೋಲರಿನ ಚಿತ್ರದ ಮೇಲೆ ಪ್ರತಿಯೊಂದು ಅಂಗಕ್ಕೂ ಬೇಕಾದ ಕೆಲಸವನ್ನು ಬರೆದಿಡಬಹುದು. ಟ್ರಿಗರನ್ನು ಸ್ವಲ್ಪ ಒತ್ತಿದರೆ ಒಂದು ಕೆಲಸ, ಪೂರ್ತಿ ಒತ್ತಿದರೆ ಇನ್ನೊಂದು ಕೆಲಸ ಎಂದು ವಿಂಗಡಿಸುವುದಕ್ಕೂ ಅವಕಾಶವುಂಟು. ಇಂತಹ ಏರ್ಪಾಡುಗಳನ್ನು ಇತರರು ಮಾಡಿ ಹಂಚಿಕೊಂಡಿರುವುದೂ ಉಂಟಾದುದರಿಂದ, ಹೊಸಬರು ಮೊದಲು ಅವುಗಳನ್ನು ನೋಡಿ ಆಮೇಲೆ ತಮಗೆ ತಕ್ಕಂತೆ ತಿದ್ದಿಕೊಳ್ಳುವುದು ಸುಲಭ.

ನಾಲ್ಕನೆಯದು, ದ್ವಿಭಾಷಿಯನ್ನು ನೇಮಿಸುವುದು. ಎರಡು ಭಾಷೆಗಳವರು ಮಾತನಾಡಬೇಕಾದರೆ ನಡುವೆ ಎರಡನ್ನೂ ಬಲ್ಲವನೊಬ್ಬನು ನಿಲ್ಲುವಂತೆ, ಕಂಟ್ರೋಲರಿನ ಎಕ್ಸ್‌ಇನ್‌ಪುಟ್ ಸಂಜ್ಞೆಗಳನ್ನು ಓದಿಕೊಂಡು ಆಟಕ್ಕೆ ಡೈರೆಕ್ಟ್‌ಇನ್‌ಪುಟ್ಟಿನಲ್ಲಿ ತಿಳಿಸುವ ತಂತ್ರಾಂಶವೊಂದನ್ನು ಇಡುವುದೇ ಇದರ ತತ್ತ್ವ. ಕ್ಸಿಡಿ ಎಂಬುದು ಈ ಬಗೆಯ ತಂತ್ರಾಂಶ. ಇದು ಡಿಎಲ್‌ಎಲ್ ಎಂದು ಕರೆಯಲ್ಪಡುವ ಕಡತದ ರೂಪದಲ್ಲಿರುತ್ತದೆ. ಅದನ್ನು ಆಟದ ಮುಖ್ಯ ಕಡತವು ಇರುವ ಫೋಲ್ಡರಿನಲ್ಲಿಯೇ ಇಡಬೇಕು. ಆಟವು ಆರಂಭವಾದಾಗ ವಿಂಡೋಸಿನ ಭಂಡಾರದಿಂದ ಡೈರೆಕ್ಟ್‌ಇನ್‌ಪುಟ್ಟನ್ನು ಕರೆಯುವುದಕ್ಕೆ ಮೊದಲು ತನ್ನ ಪಕ್ಕದಲ್ಲಿಯೇ ಅದೇ ಹೆಸರಿನ ಕಡತವನ್ನು ಕಂಡು ಅದನ್ನೇ ಕರೆದುಕೊಳ್ಳುತ್ತದೆ. ಡೈರೆಕ್ಟ್‌ಇನ್‌ಪುಟ್ಟಿನ ಎಂಟನೆಯ ಆವೃತ್ತಿಯನ್ನು ನೆಚ್ಚಿದ ಆಟಕ್ಕೆ ಡಿಇನ್‌ಪುಟ್೮ ಎಂಬ ಕಡತ. ಅದಕ್ಕಿಂತ ಹಿಂದಿನದಕ್ಕೆ ಬರಿಯ ಡಿಇನ್‌ಪುಟ್. ಮಲ್ಟಿಮೀಡಿಯಾ ಏರ್ಪಾಡನ್ನು ನೆಚ್ಚಿದುದಕ್ಕೆ ವಿನ್‌ಎಂಎಂ. ಆಟವು ಯಾವುದನ್ನು ಕರೆಯುವುದೆಂದು ತಿಳಿಯದಿದ್ದರೆ ಒಂದನ್ನು ಇಟ್ಟು ನೋಡಿ, ಫಲಿಸದಿದ್ದರೆ ತೆಗೆದು ಇನ್ನೊಂದನ್ನು ಇಡಬಹುದು. ೨೦೦೫ಕ್ಕೆ ಹಿಂದಿನ ಆಟಗಳು ಸಾಮಾನ್ಯವಾಗಿ ೩೨ ಬಿಟ್ಟಿನವಾದುದರಿಂದ, ಕಂಪ್ಯೂಟರು ೬೪ ಬಿಟ್ಟಿನದಾಗಿದ್ದರೂ ೩೨ ಬಿಟ್ಟಿನ ಕಡತವನ್ನೇ ಆರಿಸಬೇಕೆಂಬುದನ್ನು ಮರೆಯಬಾರದು.

ಈ ದ್ವಿಭಾಷಿಗೆ ಟ್ರಿಗರುಗಳನ್ನು ಹೇಗೆ ಹೇಳಬೇಕೆಂದು ನಾವು ಅಪ್ಪಣೆಕೊಡಬಹುದು: ಗುಂಡಿಗಳಂತೆ, ಎರಡು ಬೇರೆ ಅಕ್ಷಗಳಂತೆ, ಅಥವಾ ಹಿಂದಿನ ತಕ್ಕಡಿಯಂತೆ. ಪ್ರತ್ಯೇಕವಾದ ಅಕ್ಷಗಳನ್ನು ಅರಿಯಬಲ್ಲ ಆಟದಲ್ಲಿ ಎರಡನೆಯ ಬಗೆಯನ್ನು ಆರಿಸಿದರೆ, ಬ್ರೇಕೂ ಆಕ್ಸಿಲರೇಟರೂ ಬೇರೆ ಬೇರೆಯಾಗಿ, ಬೆರಳಿನ ಅಳತೆಯೊಡನೆ, ಆಟಕ್ಕೆ ಮುಟ್ಟುತ್ತವೆ. ಗುಂಡಿಗಳನ್ನು ಮಾತ್ರ ಬಲ್ಲ ಆಟಕ್ಕೆ ಮೊದಲನೆಯ ಬಗೆಯೇ ಸಾಕು.

ಟ್ರಿಗರು ಎಷ್ಟು ಒತ್ತಿದರೆ ಒತ್ತಿದಂತೆ ಎಣಿಸಬೇಕೆಂಬ ಪ್ರಶ್ನೆಯೂ ಇಲ್ಲಿ ಬರುತ್ತದೆ. ಬೆರಳು ಸುಮ್ಮನೆ ಮೇಲಿದ್ದರೂ ಸ್ವಲ್ಪ ಅಲುಗುವುದರಿಂದ, ಮೊದಲ ಕೆಲವು ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ವಾಡಿಕೆ. ಎಕ್ಸ್‌ಇನ್‌ಪುಟ್ಟಿನಲ್ಲಿ ಮೈಕ್ರೋಸಾಫ್ಟಿನವರು ಇದಕ್ಕೆ ಸೂಚಿಸಿರುವ ಎಲ್ಲೆಯು ೩೦. ಎಂದರೆ ೨೫೫ರಲ್ಲಿ ಎಂಟನೆಯ ಒಂದು ಪಾಲಿಗಿಂತ ತುಸು ಕಡಮೆ. ಮೇಲೆ ಹೇಳಿದ ತಂತ್ರಾಂಶಗಳಲ್ಲಿ ಈ ಎಲ್ಲೆಯನ್ನು ಬೇಕಾದಂತೆ ಹೆಚ್ಚಿಸಬಹುದು ಅಥವಾ ತಗ್ಗಿಸಬಹುದು.

ಇದಕ್ಕೆ ವಿಪರೀತವಾದ ಕಷ್ಟವೂ ಒಂದುಂಟು: ಆಟವು ಹೊಸದು, ಕಂಟ್ರೋಲರು ಹಳೆಯದು. ಎಕ್ಸ್‌ಇನ್‌ಪುಟ್ಟನ್ನು ಮಾತ್ರ ತಿಳಿದ ಆಟಕ್ಕೆ ಡೈರೆಕ್ಟ್‌ಇನ್‌ಪುಟ್ಟಿನ ಕಂಟ್ರೋಲರನ್ನು ಪರಿಚಯಿಸಲು ಎಕ್ಸ್೩೬೦ಸಿಇ ಎಂಬ ಬೇರೊಂದು ದ್ವಿಭಾಷಿಯಿದೆ. ಹಳೆಯ ಆಟಕ್ಕೆ ಅದನ್ನು ಇಟ್ಟರೆ ಪ್ರಯೋಜನವಿಲ್ಲ. ಎರಡರ ಹೆಸರುಗಳನ್ನೂ ಕೇಳಿದವರು ಯಾವುದು ಯಾವ ದಿಕ್ಕಿಗೆ ಅನುವಾದಿಸುವುದೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಿಂಡೋಸಿಗೂ ಮೊದಲಿನ ಡಾಸ್ ಕಾಲದ ಆಟಗಳಿಗೆ ಇವಾವುವೂ ಬೇಕಿಲ್ಲ. ಅವುಗಳನ್ನು ನಡೆಯಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿಯೇ ಕಂಟ್ರೋಲರಿನ ಅಂಗಗಳನ್ನು ಕೀಲಿಗಳಿಗೆ ಹೊಂದಿಸುವ ಪುಟವಿದ್ದು, ಕಂಟ್ರೋಲ್ ಕೀಲಿಯನ್ನೂ ಎಫ್೧ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ.

ತಾಯ್ತಂದೆಗಳಿಗೆ ಕೆಲವು ಎಚ್ಚರಿಕೆಗಳು

ಅಂತರಜಾಲದಲ್ಲಿ ಈ ತಂತ್ರಾಂಶಗಳ ಹೆಸರಿನಲ್ಲಿ ಹಾನಿಕರವಾದ ಕಡತಗಳನ್ನು ಹಂಚುವವರೂ ಉಂಟು. ಆದುದರಿಂದ ಅವುಗಳನ್ನು ರಚಿಸಿದವರ ಸ್ವಂತ ಪುಟದಿಂದಲ್ಲದೆ ಬೇರೆಲ್ಲಿಂದಲೂ ತರಬಾರದು. ಹುಡುಗರು ತರುವಾಗ ಹಿರಿಯರೊಬ್ಬರು ಪಕ್ಕದಲ್ಲಿರುವುದು ಒಳ್ಳೆಯದು. ಆಟದ ಫೋಲ್ಡರಿನಲ್ಲಿ ಯಾವ ಕಡತವನ್ನಾದರೂ ಇಡುವುದಕ್ಕೆ ಅಥವಾ ಬದಲಾಯಿಸುವುದಕ್ಕೆ ಮೊದಲು ಇದ್ದ ಫೋಲ್ಡರಿನ ಒಂದು ಪ್ರತಿಯನ್ನು ಬೇರೆ ಕಡೆ ಮಾಡಿಟ್ಟುಕೊಳ್ಳಬೇಕು. ಜಾಲದ ಮೂಲಕ ಪರರೊಡನೆ ಸ್ಪರ್ಧಿಸುವ ಆಟಗಳಲ್ಲಿ ಹೊರಗಿನ ಡಿಎಲ್‌ಎಲ್ ಕಡತಗಳನ್ನು ಸೇರಿಸಿದರೆ ಮೋಸವೆಂದು ಎಣಿಸಿ ಆಟಗಾರನನ್ನು ಹೊರಹಾಕುವುದುಂಟು. ಅಂತಹವುಗಳಲ್ಲಿ ನಾಲ್ಕನೆಯ ಪರಿಹಾರವನ್ನು ಬಳಸಬಾರದು. ಎಲ್ಲಕ್ಕೂ ಮುಖ್ಯವಾಗಿ, ಒಂದು ಸಲಕ್ಕೆ ಒಂದೇ ಪರಿಹಾರವನ್ನು ಪ್ರಯೋಗಿಸಬೇಕು. ಎರಡು ತಂತ್ರಾಂಶಗಳು ಒಟ್ಟಿಗೆ ನಡೆಯುತ್ತಿದ್ದರೆ ಒಂದು ಸಲ ಒತ್ತಿದುದು ಎರಡು ಸಲವಾಗಿ ಆಟಕ್ಕೆ ಮುಟ್ಟುವ ಸಂಭವವುಂಟು. ಆಗ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದೇ ತಿಳಿಯದಂತಾಗುತ್ತದೆ.

ಬೆರಳುಗಳಲ್ಲಿ ಬಲವಿಲ್ಲದವರ ಸಲುವಾಗಿ

ಇಷ್ಟೆಲ್ಲ ಪ್ರಯಾಸವು ಕೇವಲ ವಿನೋದಕ್ಕಾಗಿಯೇ ಎಂದು ಕೆಲವರು ಕೇಳಬಹುದು. ಅವರಿಗೆ ನಮ್ಮ ಉತ್ತರವಿದು. ಹುಟ್ಟಿನಿಂದಲೋ ರೋಗದಿಂದಲೋ ಒಂದು ಕೈಯಲ್ಲಿ ಬಲವಿಲ್ಲದ ಮಕ್ಕಳು ನಮ್ಮ ನಡುವೆ ಇದ್ದಾರೆ. ಸಂಧಿವಾತದಿಂದ ಬೆರಳುಗಳು ಮಡಿಸದ ಅಜ್ಜ ಅಜ್ಜಿಯರಿದ್ದಾರೆ. ಅಂತಹವರಿಗೆ ತೋರುಬೆರಳಿನಿಂದ ಟ್ರಿಗರನ್ನು ಬಹಳ ಹೊತ್ತು ಅದುಮಿ ಹಿಡಿಯುವುದೇ ಆಗದ ಕೆಲಸ. ಟ್ರಿಗರಿನ ಕೆಲಸವನ್ನು ಬೇರೊಂದು ಗುಂಡಿಗೋ ಹೆಬ್ಬೆರಳಿನ ಕಡ್ಡಿಗೋ ವರ್ಗಾಯಿಸುವುದಕ್ಕೂ, ಸ್ವಲ್ಪವೇ ಒತ್ತಿದರೆ ಪೂರ್ತಿ ಒತ್ತಿದಂತೆ ಎಣಿಸುವುದಕ್ಕೂ ಬೇಕಾದ ವಿದ್ಯೆಯು ಮೇಲೆ ವಿವರಿಸಿದ ವಿದ್ಯೆಯೇ. ೨೦೧೮ರಲ್ಲಿ ಮೈಕ್ರೋಸಾಫ್ಟಿನವರು ಅಂಗವಿಕಲರಿಗೆಂದೇ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಎಂಬುದನ್ನು ಹೊರತಂದರು. ಅದರಲ್ಲಿ ಎರಡು ದೊಡ್ಡ ಗುಂಡಿಗಳಿವೆ. ಹಿಂಬದಿಯಲ್ಲಿ ಸಾಲಾಗಿ ಇರುವ ತೂತುಗಳಿಗೆ ಕಾಲಿನಿಂದ ಒತ್ತುವ, ಮೊಣಕೈಯಿಂದ ತಳ್ಳುವ ಬೇರೆ ಬೇರೆ ಸ್ವಿಚ್ಚುಗಳನ್ನು ಸೇರಿಸಬಹುದು. ಅವುಗಳಲ್ಲಿ ಎರಡು ತೂತುಗಳು ಎಡ ಮತ್ತು ಬಲ ಟ್ರಿಗರುಗಳಿಗೆ ಮೀಸಲು. ಕಾಲುಪೆಡಲನ್ನು ಅಲ್ಲಿ ಸೇರಿಸಿಕೊಂಡ ಮಗುವು ಹಳೆಯ ಆಟವನ್ನು ಆಡಬೇಕಾದರೂ ತಕ್ಕಡಿಯ ತೊಡಕು ಎದುರಾಗದಿರದು. ದ್ವಿಭಾಷಿಯ ಸಹಾಯವು ಬೇಕಾಗದಿರದು. ಒಡಹುಟ್ಟಿದವರೊಡನೆ ಸಮಾನವಾಗಿ ಕುಳಿತು ಆಡುವ ಭಾಗ್ಯವು ಅಂತಹ ಮಗುವಿಗೆ ಅಲ್ಪವಾದುದಲ್ಲ.

ನಮ್ಮ ಪೂರ್ವವಿದ್ಯಾರ್ಥಿನಿಯರಿಗೆ ಇನ್ನೊಂದು ಮಾತು. ಯಂತ್ರವು ತೊಡಕಿದಾಗ ‘ಇದು ಗಂಡುಮಕ್ಕಳ ಕೆಲಸ, ಅಣ್ಣ ಬರಲಿ, ಯಜಮಾನರು ಬರಲಿ’ ಎಂದು ಕೈಬಿಡುವ ಅಭ್ಯಾಸವು ಇನ್ನೂ ಅನೇಕ ಮನೆಗಳಲ್ಲಿ ಉಂಟು. ಇಲ್ಲಿ ಬೇಕಾದುದು ಬಾಹುಬಲವಲ್ಲ, ಅಪೂರ್ವವಾದ ಪಾಂಡಿತ್ಯವೂ ಅಲ್ಲ. ಕಂಡುದನ್ನು ಕಂಡಂತೆ ಗಮನಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುವುದು, ಫಲವನ್ನು ಒಂದು ಚೀಟಿಯಲ್ಲಿ ಬರೆದಿಡುವುದು, ಇಷ್ಟೇ. ನೂಲು ತುಂಡಾಗುವ ಹೊಲಿಗೆಯಂತ್ರವನ್ನು ಸರಿಪಡಿಸಿದ ಕೈಗಳಿಗೆ ಇದು ಹೊಸ ವಿದ್ಯೆಯಲ್ಲ. ಪರೀಕ್ಷಾಪುಟವನ್ನು ತೆರೆದು ಜೆಡ್ ಅಕ್ಷದ ಪಟ್ಟಿಯು ಏರಿಳಿಯುವುದನ್ನು ಮಗಳಿಗೆ ತೋರಿಸಿ, ಹೀಗೇಕೆ ಆಗುತ್ತದೆಂದು ಆಕೆಯನ್ನೇ ಕೇಳಿರಿ. ತಕ್ಕಡಿಯ ಮಾತನ್ನು ಆಕೆಗೆ ಹೇಳಿರಿ. ಮುಂದಿನ ಸಲ ಅಂತಹ ತೊಡಕು ಬಂದಾಗ ಆ ಮಗಳು ತಾನಾಗಿಯೇ ಕಾರಣವನ್ನು ಹುಡುಕತೊಡಗುವಳು.